ಕೈ ಬೀಸಿಕೊಂಡು ಬನ್ನಿ: ಚಿನ್ನಸ್ವಾಮಿಗೆ ಪಂದ್ಯ ನೋಡಲು ಬರುವವರಿಗೆ ಬಹಿರಂಗ ಪತ್ರ

ಹುಬ್ಬಳ್ಳಿ, ಗದಗ, ಕಲಬುರಗಿ, ರಾಯಚೂರು, ಶಿವಮೊಗ್ಗ, ಮಂಗಳೂರು, ಕೋಲಾರ, ಹೀಗೆ ಎಲ್ಲೆಲ್ಲಿಂದಲೋ ಪಂದ್ಯ ನೋಡಲು ಬೆಂಗಳೂರಿಗೆ ಹೊರಟಿರುವ ಅಣ್ಣ ತಮ್ಮಂದಿರಿಗೆ, ಅಕ್ಕ ತಂಗಿಯರಿಗೆ,

ನಮಸ್ಕಾರ.

ಟಿಕೆಟ್ ಸಿಕ್ಕಿತಲ್ಲ, ಇನ್ನೇನು ಹೋಗಿ ಕೂರುವುದಷ್ಟೇ ಬಾಕಿ ಅಂದುಕೊಂಡಿದ್ದರೆ ಸ್ವಲ್ಪ ತಾಳಿ. ಚಿನ್ನಸ್ವಾಮಿಯಲ್ಲಿ ಕೂರುವುದು ಸುಲಭ. ಕುರ್ಚಿಯವರೆಗೆ ಹೋಗಿ ಸೇರುವುದು, ರಾತ್ರಿ ಅಲ್ಲಿಂದ ಬಿಡಿಸಿಕೊಂಡು ಬರುವುದು, ಕೆಲಸ ಇರುವುದು ಇವೆರಡರಲ್ಲಿ. ಬೇರೆ ಎಷ್ಟೋ ಊರುಗಳಲ್ಲಿ ದೊಡ್ಡ ಕ್ರೀಡಾಂಗಣ ಊರಾಚೆಯ ಬಯಲಿನಲ್ಲಿರುತ್ತದೆ, ಸುತ್ತ ಎಕರೆಗಟ್ಟಲೆ ಜಾಗ ಇರುತ್ತದೆ. ನಮ್ಮದು ಊರಿನ ಎದೆಯ ಮೇಲೆ ಕುಳಿತಿದೆ. ಒಂದು ಮಗ್ಗುಲಲ್ಲಿ ಮಹಾತ್ಮ ಗಾಂಧಿ ರಸ್ತೆ, ಒಂದರಲ್ಲಿ ಕಬ್ಬನ್ ರಸ್ತೆ, ಒಂದರಲ್ಲಿ ಕ್ವೀನ್ಸ್ ರಸ್ತೆ, ಇನ್ನೊಂದರಲ್ಲಿ ಸಣ್ಣದೊಂದು ಲಿಂಕ್ ರಸ್ತೆ. ಗೇಟು ದಾಟಿದರೆ ಫುಟ್‌ಪಾತು, ಫುಟ್‌ಪಾತು ಇಳಿದರೆ ಬಸ್ಸು. ನಡುವೆ ಅಂಗಳ ಅನ್ನುವುದೇ ಇಲ್ಲ. ಮುಂದೆ ಹೇಳುವುದನ್ನೆಲ್ಲ ಈ ಒಂದು ವಿಷಯ ನೆನಪಿಟ್ಟುಕೊಂಡು ಓದಿ.

ಹಾಗಂತ ಇದು ಬೆಂಗಳೂರಿನವರ ಸ್ವಂತ ಆಸ್ತಿ ಎಂದು ಹಿಂಜರಿಯಬೇಡಿ. 1974ರ ನವೆಂಬರ್‌ನಲ್ಲಿ ಇಲ್ಲಿ ಮೊದಲ ಟೆಸ್ಟ್ ನಡೆಯಿತು. ವೆಸ್ಟ್ ಇಂಡೀಸ್‌ನ ವಿವ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ನಮ್ಮ ರಾಜ್ಯದ ಆಟಗಾರರಲ್ಲಿ ಜಿ.ಆರ್. ವಿಶ್ವನಾಥ್ ಭದ್ರಾವತಿಯವರು, ಶ್ರೀನಾಥ್ ಮೈಸೂರಿನವರು, ಸುನಿಲ್ ಜೋಶಿ ಗದಗದವರು, ಯರೇಗೌಡ ರಾಯಚೂರಿನವರು, ಕೆ.ಎಲ್. ರಾಹುಲ್ ಬೆಳೆದದ್ದು ಸುರತ್ಕಲ್‌ನಲ್ಲಿ. ಅರ್ಧ ಕರ್ನಾಟಕವೇ ಆ ಹುಲ್ಲಿನ ಮೇಲೆ ಓಡಾಡಿದೆ.

ಮೊದಲ ಕೆಲಸ: ರೈಲು, ಬಸ್ಸು ಬುಕ್ ಮಾಡುವ ಮುಂಚೆ ಪಂದ್ಯ ಇಲ್ಲೇ ನಡೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. 2025ರ ಜೂನ್‌ನಲ್ಲಿ ಇಲ್ಲಿ ನಡೆದ ನೂಕುನುಗ್ಗಲಿನ ದುರಂತದ ನಂತರ ಮಹಿಳಾ ವಿಶ್ವಕಪ್‌ನ ಪಂದ್ಯಗಳು ಇಲ್ಲಿಂದ ನವಿ ಮುಂಬೈಗೆ ಹೋದವು. ವೇಳಾಪಟ್ಟಿ ಬಂದ ದಿನವೇ ವಾಪಸ್ ಸಿಗದ ದರದ ಟಿಕೆಟ್ ತೆಗೆದವರು ಇಂಥ ಹೊತ್ತಿನಲ್ಲಿ ಕೈ ಸುಟ್ಟುಕೊಳ್ಳುತ್ತಾರೆ. ಎರಡನೆಯದು, ಪಂದ್ಯದ ಟಿಕೆಟ್ಟನ್ನು ಅಧಿಕೃತ ಜಾಲತಾಣದಲ್ಲಿ ಮಾತ್ರ ಕೊಳ್ಳಿ. ಗೇಟಿನ ಬಳಿ ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಮಾರುವವರು ಅದೇ ಕೋಡನ್ನು ನಾಲ್ಕು ಜನಕ್ಕೆ ಮಾರಬಲ್ಲರು. ಮೊದಲು ಸ್ಕ್ಯಾನ್ ಆದವರು ಒಳಗೆ, ಉಳಿದ ಮೂವರು ದುಡ್ಡನ್ನೂ ಕಳೆದುಕೊಂಡು ರಸ್ತೆಯಲ್ಲಿ.

ಪಂದ್ಯ ಆರಿಸಿಕೊಳ್ಳುವ ಅವಕಾಶ ಇದ್ದರೆ, ವಾರಾಂತ್ಯದ ಮಧ್ಯಾಹ್ನ 3.30ರ ಐಪಿಎಲ್ ಪಂದ್ಯ ದೂರದೂರಿನವರಿಗೆ ಒಳ್ಳೆಯದು. ಬಿಸಿಲು ಹೊಡೆಯುತ್ತದೆ, ನಿಜ. ಆದರೆ ಏಳೂವರೆಯ ಸುಮಾರಿಗೆ ಮುಗಿಯುತ್ತದೆ, ಊಟ ಮಾಡಿ ರಾತ್ರಿ ಬಸ್ಸು ಹಿಡಿಯಬಹುದು. ಸಂಜೆ 7.30ಕ್ಕೆ ಶುರುವಾಗುವ ಪಂದ್ಯ ಮುಗಿಯುವಷ್ಟರಲ್ಲಿ ಹನ್ನೊಂದು, ಹನ್ನೊಂದೂವರೆ. ಹೊರಗೆ ಬಂದು, ಮೆಟ್ರೋ ಹತ್ತಿ, ಮೆಜೆಸ್ಟಿಕ್ ಮುಟ್ಟುವಾಗ ಹನ್ನೆರಡು ದಾಟಿರುತ್ತದೆ. ರಾತ್ರಿ 11ರ ಬಸ್ಸಿಗೆ ಸೀಟು ಕಾಯ್ದಿರಿಸಿಕೊಂಡು ಕೊನೆಯ ಐದು ಓವರ್ ಬಿಟ್ಟು ಎದ್ದು ಓಡುವವರು ಪ್ರತಿ ಪಂದ್ಯದಲ್ಲೂ ಇರುತ್ತಾರೆ. ಅದಕ್ಕಿಂತ ಗಾಂಧಿನಗರದ ಲಾಡ್ಜಿನಲ್ಲಿ ಒಂದು ರಾತ್ರಿ ಉಳಿಯುವುದು ಮೇಲು. ಕೋಣೆ ಹಿಡಿಯುವಾಗ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡುವ ಲೆಕ್ಕವೋ ಎಂದು ಕೇಳಿಕೊಳ್ಳಿ. ರಾತ್ರಿ ಒಂದು ಗಂಟೆಗೆ ಬಂದರೆ ಬಾಗಿಲು ತೆರೆಯುತ್ತಾರೆಯೇ ಎಂದೂ ಕೇಳಿ. ಗುರುತಿನ ಚೀಟಿ ಪ್ರತಿಯೊಬ್ಬರದೂ ಬೇಕು, ಒಬ್ಬರದು ಸಾಲದು.

ಈಗ ಊರೊಳಗೆ ಬರುವ ದಾರಿ. ಕಾರಿನಲ್ಲಿ ಬರಬೇಡಿ ಎನ್ನುವುದು ನಮ್ಮ ಕಳಕಳಿಯ ವಿನಂತಿ. ಕ್ರೀಡಾಂಗಣದಲ್ಲಿ ನಿಮಗೆ ಪಾರ್ಕಿಂಗ್ ಇಲ್ಲ, ಸುತ್ತಲಿನ ರಸ್ತೆಗಳಲ್ಲಿ ಪಂದ್ಯದ ದಿನ ನಿಲುಗಡೆ ನಿಷೇಧ, ನಿಲ್ಲಿಸಿದ ಗಾಡಿಯನ್ನು ಎಳೆದುಕೊಂಡು ಹೋಗುತ್ತಾರೆ. ಕಾರಿನಲ್ಲೇ ಬರಬೇಕಾದರೆ ಊರ ಅಂಚಿನ ಮೆಟ್ರೋ ನಿಲ್ದಾಣವೊಂದರ ಪಾರ್ಕಿಂಗಿನಲ್ಲಿ ಬಿಡಿ. ಪಂದ್ಯದ ಹಿಂದಿನ ದಿನ ಸಂಚಾರ ಪೊಲೀಸರು ವಾಹನ ನಿಲುಗಡೆಯ ಪಟ್ಟಿ ಹೊರಡಿಸುತ್ತಾರೆ, ಅದನ್ನೂ ನೋಡಿಕೊಳ್ಳಿ.

ಮೆಟ್ರೋದಲ್ಲಿ ನಿಮಗೆ ಬೇಕಾದದ್ದು ನೇರಳೆ ಮಾರ್ಗ. ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡ್‌ವರೆಗೆ ಊರನ್ನು ಅಡ್ಡಡ್ಡ ಸೀಳಿಕೊಂಡು ಹೋಗುತ್ತದೆ. ಮೆಜೆಸ್ಟಿಕ್‌ನಲ್ಲಿ ವೈಟ್‌ಫೀಲ್ಡ್ ಕಡೆಯ ರೈಲು ಹತ್ತಿದರೆ ಸರ್ ಎಂ. ವಿಶ್ವೇಶ್ವರಯ್ಯ, ಅಂಬೇಡ್ಕರ್ ವಿಧಾನಸೌಧ, ಅದಾದ ಮೇಲೆ ಕಬ್ಬನ್ ಪಾರ್ಕ್. ಮೂರೇ ನಿಲ್ದಾಣ. ಕಬ್ಬನ್ ಪಾರ್ಕ್ ನಿಲ್ದಾಣ ನೆಲದಡಿಯಲ್ಲಿದೆ, ಮೇಲೆ ಬಂದರೆ ಕ್ರೀಡಾಂಗಣ ಕಣ್ಣೆದುರಿಗೇ ಇದೆ. ಅದರ ಮುಂದಿನದು ಎಂ.ಜಿ. ರಸ್ತೆ ನಿಲ್ದಾಣ, ಅದು ಕಂಬಗಳ ಮೇಲಿದೆ. ನಿಮ್ಮ ಗೇಟು ಯಾವ ರಸ್ತೆಯಲ್ಲಿದೆ ಎನ್ನುವುದರ ಮೇಲೆ ಎರಡರಲ್ಲಿ ಒಂದು ಆರಿಸಿ. ಟಿಕೆಟ್ ದರ 2025ರ ಫೆಬ್ರುವರಿಯ ಏರಿಕೆಯಲ್ಲಿ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ದುಬಾರಿ ಎಂದು ನಾವೂ ಗೊಣಗುತ್ತೇವೆ, ಆದರೂ ಹತ್ತುತ್ತೇವೆ.

ಎಲ್ಲರೂ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಬಂದು ಅಲ್ಲಿ ಇಳಿಯಬೇಕು ಎಂದೇನೂ ಇಲ್ಲ. ತುಮಕೂರು ರಸ್ತೆಯಲ್ಲಿ ಬರುವವರು, ಅಂದರೆ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದವರು, ನೆಲಮಂಗಲದ ಮೂಲಕ ಬರುವ ಹಾಸನ, ಮಂಗಳೂರಿನವರು, ಹಸಿರು ಮಾರ್ಗದ ಮೊದಲ ನಿಲ್ದಾಣ ಮಾದಾವರದಲ್ಲೇ ಇಳಿದು ಮೆಟ್ರೋ ಹತ್ತಬಹುದು. ಕಂಡಕ್ಟರಿಗೆ ನೆಲಮಂಗಲದಲ್ಲೇ ಹೇಳಿಟ್ಟಿರಬೇಕು. ನಾಗಸಂದ್ರದ ಬಳಿ ಬಸ್ಸು ಪೀಣ್ಯ ಮೇಲ್ಸೇತುವೆ ಏರಿತೆಂದರೆ ದಾಸರಹಳ್ಳಿ, ಜಾಲಹಳ್ಳಿ ನಿಲ್ದಾಣಗಳೆಲ್ಲ ಕೆಳಗೇ ಉಳಿಯುತ್ತವೆ, ಇನ್ನು ಇಳಿಯುವುದು ಗೊರಗುಂಟೆಪಾಳ್ಯದಲ್ಲೇ. ಅಲ್ಲೂ ಮೆಟ್ರೋ ಇದೆ, ಗಾಬರಿ ಬೇಡ. ರೈಲಿನಲ್ಲಿ ಬರುವವರು ಯಶವಂತಪುರದಲ್ಲಿ ಇಳಿದರೂ ಹೊರಗಡೆಯೇ ಹಸಿರು ಮಾರ್ಗ ಸಿಗುತ್ತದೆ. ಇವರೆಲ್ಲರೂ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿಕೊಳ್ಳಬೇಕು. ಹೊರಗೆ ಬರಬೇಕಾಗಿಲ್ಲ, ಒಳಗೊಳಗೇ ಮೆಟ್ಟಿಲಿದೆ, ಅದೇ ಟಿಕೆಟ್ ನಡೆಯುತ್ತದೆ. ಮೈಸೂರು, ಮಂಡ್ಯ, ರಾಮನಗರದವರು ಕೆಂಗೇರಿಯಲ್ಲಿ ಇಳಿದರೆ ನೇರಳೆ ಮಾರ್ಗ ನೇರವಾಗಿ ಸಿಗುತ್ತದೆ. ಕೋಲಾರ, ಬಂಗಾರಪೇಟೆ ಕಡೆಯಿಂದ ರೈಲಿನಲ್ಲಿ ಬಂದರೆ ವೈಟ್‌ಫೀಲ್ಡ್‌ನಲ್ಲಿ ಇಳಿದು ಕಾಡುಗೋಡಿ ಮೆಟ್ರೋ. ಹೊಸೂರು ರಸ್ತೆಯವರಿಗೆ 2025ರ ಆಗಸ್ಟ್‌ನಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಇದೆ, ಆದರೆ ಆರ್.ವಿ. ರಸ್ತೆಯಲ್ಲೊಮ್ಮೆ, ಮೆಜೆಸ್ಟಿಕ್‌ನಲ್ಲೊಮ್ಮೆ, ಎರಡು ಸಲ ಬದಲಾಯಿಸಬೇಕು.

ಇನ್ನು ತಲೆಬರಹದ ಮಾತಿಗೆ ಬರೋಣ. ಕೈ ಬೀಸಿಕೊಂಡು ಬನ್ನಿ ಎಂದರೆ ಅಕ್ಷರಶಃ ಹಾಗೇ ಬನ್ನಿ. ಬ್ಯಾಗು, ನೀರಿನ ಬಾಟಲಿ, ಹೊರಗಿನ ತಿಂಡಿ, ಹೆಲ್ಮೆಟ್, ಬೆಂಕಿಪೊಟ್ಟಣ, ಲೈಟರ್, ಪವರ್ ಬ್ಯಾಂಕ್, ಕೋಲು ಇರುವ ಬಾವುಟ, ಇವು ಯಾವುವೂ ಒಳಗೆ ಹೋಗುವುದಿಲ್ಲ. ಗೇಟಿನಲ್ಲಿ ಇಟ್ಟುಕೊಳ್ಳುವವರು ಯಾರೂ ಇಲ್ಲ. ‘ಊರಿಂದ ಬಂದಿದೀವಿ ಸಾರ್, ಒಂದೇ ಒಂದು ಬ್ಯಾಗು’ ಎಂದರೆ ಕಾವಲಿನವರು ಕರಗುವುದೂ ಇಲ್ಲ. ಕರಗಬಾರದು ಕೂಡ. ಗೇಟಿನ ಪಕ್ಕದ ಪೆಟ್ಟಿಗೆ ಅಂಗಡಿಯವರು ಐವತ್ತೋ ನೂರೋ ಪಡೆದು ಬ್ಯಾಗ್ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ರಾತ್ರಿ ಹನ್ನೊಂದೂವರೆಗೆ ಆ ಅಂಗಡಿ ತೆರೆದಿರುತ್ತದೆ ಎನ್ನುವ ಖಾತರಿ ಯಾರಿಗೂ ಇಲ್ಲ.

ಲಾಡ್ಜ್ ಹಿಡಿದಿದ್ದರೆ ಅಲ್ಲೇ ಬಿಡಿ. ಇಲ್ಲದಿದ್ದರೆ ಸಂಗೊಳ್ಳಿ ರಾಯಣ್ಣ ರೈಲು ನಿಲ್ದಾಣದ ಕ್ಲೋಕ್ ರೂಮ್. ಅಲ್ಲಿ ಬೀಗ ಹಾಕಿದ ಬ್ಯಾಗನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಜೊತೆಗೆ ರೈಲ್ವೆ ಟಿಕೆಟ್ ತೋರಿಸಬೇಕು. ಆದ್ದರಿಂದ ಊರಿಂದ ಹೊರಡುವಾಗಲೇ ಜಿಪ್‌ಗೆ ಹಾಕುವ ಸಣ್ಣ ಬೀಗವೊಂದನ್ನು ಜೇಬಿಗೆ ಹಾಕಿಕೊಳ್ಳಿ, ಬಂದ ಟಿಕೆಟ್ಟನ್ನು ಎಸೆಯಬೇಡಿ. ಕ್ರೀಡಾಂಗಣಕ್ಕೆ ನಿಮ್ಮೊಂದಿಗೆ ಬರಬೇಕಾದದ್ದು ಮೊಬೈಲು, ಟಿಕೆಟ್ಟು, ಗುರುತಿನ ಚೀಟಿ, ಐದಾರು ನೂರು ರೂಪಾಯಿ ನಗದು. ನಗದು ಯಾಕೆಂದರೆ, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಒಂದೇ ಕಡೆ ವಿಡಿಯೊ ಕಳಿಸುವಾಗ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ, ಯುಪಿಐ ತಿರುಗುತ್ತಲೇ ಇರುತ್ತದೆ. ಟಿಕೆಟ್ ಮೊಬೈಲಿನಲ್ಲಿದ್ದರೆ ಅದನ್ನು ಕೋಣೆಯಲ್ಲೇ ಇಳಿಸಿಕೊಂಡಿರಿ. ಗೇಟಿನ ಮುಂದೆ ನಿಂತು ‘ಲೋಡ್ ಆಗ್ತಿದೆ’ ಎನ್ನುವವರ ಹಿಂದೆ ಇನ್ನೂರು ಜನ ನಿಂತಿರುತ್ತಾರೆ. ಪವರ್ ಬ್ಯಾಂಕ್ ಬಿಡುವುದಿಲ್ಲವಾದ್ದರಿಂದ ಚಾರ್ಜ್ ಪೂರ್ತಿ ಇರಲಿ. ಗುಂಪಿನಲ್ಲಿ ಬಂದರೆ ಒಬ್ಬರ ಫೋನಿನಲ್ಲೇ ಆರೂ ಟಿಕೆಟ್ ಇಟ್ಟುಕೊಳ್ಳಬೇಡಿ. ಅವರು ಹಿಂದೆ ಉಳಿದರೆ ಉಳಿದ ಐವರೂ ಹೊರಗೇ.

ಈಗ ಗೇಟು. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಹದಿನೇಳು ಸೀಸನ್ ಕಪ್ ಸಿಗದೆ, ‘ಈ ಸಲ ಕಪ್ ನಮ್ದೇ’ ಎಂದು ನಗೆಪಾಟಲಾಗಿದ್ದ ಬೆಂಗಳೂರಿನ ಆರ್‌ಸಿಬಿ ತಂಡ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಐಪಿಎಲ್ ಕಪ್ ಗೆದ್ದಿತು. ಮರುದಿನ ಸಂಜೆ ಇಲ್ಲಿ ಸಂಭ್ರಮ ನೋಡಲು ಬಂದವರ ನೂಕುನುಗ್ಗಲಿನಲ್ಲಿ ಗೇಟುಗಳ ಬಳಿ 11 ಜನ ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹಾ ಆಯೋಗ, ಭಾರೀ ಜನ ಸೇರುವುದಕ್ಕೆ ಈ ಕ್ರೀಡಾಂಗಣದ ರಚನೆಯೇ ಸುರಕ್ಷಿತವಲ್ಲ ಎಂದು ಹೇಳಿತು. ಸಾಲು ನಿಲ್ಲಲು ಒಳಗೆ ಜಾಗವಿಲ್ಲದೆ ಜನ ಫುಟ್‌ಪಾತಿನಲ್ಲೇ, ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ ಎನ್ನುವುದು ಅದು ಎತ್ತಿದ ಮಾತುಗಳಲ್ಲೊಂದು. ಅಂಗಳ ಇಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಆದ್ದರಿಂದ ಟಿಕೆಟ್ ಇಲ್ಲದವರು, ‘ಹೊರಗೆ ನಿಂತು ಆಟಗಾರರ ಬಸ್ಸಾದರೂ ನೋಡೋಣ’ ಎನ್ನುವವರು, ದಯವಿಟ್ಟು ಆ ನಾಲ್ಕು ರಸ್ತೆಗಳ ಕಡೆ ಬರಬೇಡಿ. ಪುಕ್ಕಟೆ ಪ್ರವೇಶ, ಪಾಸ್ ಹಂಚುತ್ತಾರೆ ಎಂದು ವಾಟ್ಸಾಪಿನಲ್ಲಿ ಬಂದರೆ ನಂಬಬೇಡಿ, ಮುಂದಕ್ಕೂ ಕಳಿಸಬೇಡಿ. ಟಿಕೆಟ್ ಇದ್ದವರು ಪಂದ್ಯಕ್ಕೆ ಎರಡು ಗಂಟೆ ಮುಂಚೆ ಗೇಟಿನಲ್ಲಿರಿ. ಕೊನೆಯ ಮುಕ್ಕಾಲು ಗಂಟೆಯಲ್ಲಿ ಕಚೇರಿ ಮುಗಿಸಿ ಬರುವ ಇಡೀ ಊರು ಒಟ್ಟಿಗೆ ಬಂದು ಸೇರುತ್ತದೆ. ಟಿಕೆಟ್ ಮೇಲೆ ಸ್ಟ್ಯಾಂಡಿನ ಹೆಸರಿನ ಜೊತೆ ಗೇಟಿನ ಸಂಖ್ಯೆ ಇರುತ್ತದೆ. ಆ ಗೇಟು ಯಾವ ರಸ್ತೆಯಲ್ಲಿದೆ ಎಂದು ಹೊರಡುವ ಮುಂಚೆ ನೋಡಿಟ್ಟುಕೊಳ್ಳಿ. ತಪ್ಪು ಗೇಟಿನ ಸಾಲಿನಲ್ಲಿ ಅರ್ಧ ಗಂಟೆ ನಿಂತು, ತುದಿಗೆ ಹೋದಾಗ ‘ಇದಲ್ಲ, ಆ ಕಡೆ’ ಎಂದರೆ, ಎದುರು ಬರುವ ಜನರನ್ನು ಸೀಳಿಕೊಂಡು ಹಿಂದಕ್ಕೆ ಬರಬೇಕು. ನೂಕಾಟ ಹುಟ್ಟುವುದೇ ಹೀಗೆ ಎರಡು ದಿಕ್ಕಿನ ಜನ ಒಂದೇ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಾಗ.

ಅಕ್ಕಪಕ್ಕದವರ ಮೈ ನಿಮ್ಮ ಮೈಗೆ ಎಲ್ಲ ಕಡೆಯಿಂದ ತಾಗುತ್ತಿದೆ, ನಿಮ್ಮ ಕಾಲು ನಿಮ್ಮ ಮಾತು ಕೇಳುತ್ತಿಲ್ಲ ಎನಿಸಿದ ಕ್ಷಣವೇ ಹೊರಟುಬಿಡಿ, ಟಾಸ್ ತಪ್ಪಿದರೆ ತಪ್ಪಲಿ. ಜನ ತಳ್ಳುವ ದಿಕ್ಕಿಗೆ ಎದುರಾಗಿ ನೂಕಬೇಡಿ. ಅಲೆ ಒಂದು ಸಲ ಮುಂದೆ ಹೋಗಿ ನಿಂತಾಗ ಓರೆಯಾಗಿ ಒಂದೆರಡು ಹೆಜ್ಜೆ, ಮತ್ತೆ ಒಂದೆರಡು ಹೆಜ್ಜೆ, ಹೀಗೆ ಅಂಚಿಗೆ ಸರಿಯಿರಿ. ಬಾಕ್ಸಿಂಗ್ ಆಡುವವರ ಹಾಗೆ ಎರಡೂ ಮುಂಗೈ ಎದೆಯ ಮುಂದೆ ಇರಲಿ. ಉಸಿರು ನಿಲ್ಲುವುದು ಎದೆಗೂಡು ಹಿಗ್ಗಲು ಜಾಗವಿಲ್ಲದಾಗ, ಆ ಒಂದು ಗೇಣು ಜಾಗವೇ ಜೀವ. ಚಪ್ಪಲಿ, ಫೋನು ಬಿದ್ದರೆ ಬಗ್ಗಬೇಡಿ. ಗೋಡೆ, ಬ್ಯಾರಿಕೇಡು, ಗೇಟಿನ ಕಂಬಗಳಿಂದ ದೂರ ಇರಿ, ಒತ್ತಡ ಹೆಚ್ಚುವುದು ಅಲ್ಲೇ. ಮಕ್ಕಳನ್ನು ಕರೆತಂದಿದ್ದರೆ ಅವರ ಅಂಗೈ ಹಿಂದೆ ನಿಮ್ಮ ಫೋನ್ ಸಂಖ್ಯೆಯನ್ನು ಪೆನ್ನಿನಲ್ಲಿ ಬರೆದಿಡಿ. ತುರ್ತಿಗೆ 112.

ಸಂಬಂಧಪಟ್ಟ ಅಧಿಕಾರಿಗಳು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಪ್ರತಿ ಮೆಟ್ರೋ ನಿರ್ಗಮನದ ಬಾಗಿಲಲ್ಲಿ ಗೇಟುಗಳ ನಕ್ಷೆಯನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಹಾಕಿ. ಮೇಲಿನ ಅರ್ಧ ಪತ್ರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಒಳಗೆ ಹೋದ ಮೇಲೆ ಹೇಳಿಕೊಡುವುದು ಹೆಚ್ಚೇನಿಲ್ಲ. ಬೌಂಡರಿ ಚಿಕ್ಕದು, ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಗಾಳಿ ತೆಳು, ಚೆಂಡು ದೂರ ಹೋಗುತ್ತದೆ. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ 175 ರನ್ ಹೊಡೆದದ್ದು ಇಲ್ಲೇ. ಎದುರಾಳಿ ತಂಡದ ಅಂಗಿ ತೊಟ್ಟವರು ಪಕ್ಕದಲ್ಲೇ ಕೂತಿರಬಹುದು, ಕೀಟಲೆ ಮಾತಿನಲ್ಲೇ ಇರಲಿ.

ಮಳೆಯದು ಬೇರೆ ಲೆಕ್ಕ. ಏಪ್ರಿಲ್, ಮೇ ತಿಂಗಳ ಸಂಜೆ ನಾಲ್ಕರ ಮೇಲೆ ಗುಡುಗಿನ ಮಳೆ ಯಾವಾಗ ಬೇಕಾದರೂ ಬರಬಹುದು, ಅಕ್ಟೋಬರಿನಲ್ಲಿ ದಿನಗಟ್ಟಲೆ ಹಿಡಿಯಬಹುದು. ಇಲ್ಲಿನ ನೆಲದಡಿ 2017ರಲ್ಲಿ ಹಾಕಿದ ಸಬ್‌ಏರ್ ವ್ಯವಸ್ಥೆ ಇದೆ. ಹುಲ್ಲಿನ ಕೆಳಗಿನ ಕೊಳವೆಗಳಿಗೆ ಪಂಪು ನಿರ್ವಾತ ಕೊಟ್ಟು ನೀರನ್ನು ಹೀರಿ ಹೊರಹಾಕುತ್ತದೆ. ಆದ್ದರಿಂದ ಮಳೆ ನಿಂತರೆ ಬೇಗ ಆಟ ಶುರುವಾಗುತ್ತದೆ, ಎದ್ದು ಹೋಗಬೇಡಿ. 2025ರ ಏಪ್ರಿಲ್ 18ರಂದು ಹಾಗೇ ಕಾದವರಿಗೆ 14 ಓವರುಗಳ ಪಂದ್ಯ ಸಿಕ್ಕಿತು. ಆದರೆ ಸುರಿಯುತ್ತಿರುವ ಮಳೆಯನ್ನು ಯಾವ ಯಂತ್ರವೂ ತಡೆಯದು. ಅದೇ ವರ್ಷ ಮೇ 17ರಂದು ಒಂದು ಚೆಂಡೂ ಬೀಳಲಿಲ್ಲ. 2024ರ ಅಕ್ಟೋಬರಿನ ನ್ಯೂಜಿಲೆಂಡ್ ಟೆಸ್ಟಿನ ಮೊದಲ ದಿನ ಪೂರ್ತಿ ಕೊಚ್ಚಿಹೋಯಿತು, ಎರಡನೇ ದಿನ ನಮ್ಮವರು 46ಕ್ಕೆ ಆಲೌಟ್. ಮಳೆಯೇ ವಾಸಿ ಎನಿಸಿದ ದಿನ. ಕೊಡೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಮಡಚಿದರೆ ಅಂಗೈಯಗಲ ಆಗುವ ಪ್ಲಾಸ್ಟಿಕ್ ರೇನ್‌ಕೋಟು ಜೇಬಿನಲ್ಲಿರಲಿ. ಹಣ ವಾಪಸ್ ಬರುವುದು ಸಾಮಾನ್ಯವಾಗಿ ಒಂದು ಎಸೆತವೂ ಆಗದಿದ್ದಾಗ ಮಾತ್ರ, ಟಿಕೆಟಿನ ಹಿಂದಿನ ನಿಯಮ ಓದಿಕೊಳ್ಳಿ.

ಪಂದ್ಯ ಮುಗಿದ ಮೇಲೆ ಇಡೀ ಜನಸಾಗರ ಕಬ್ಬನ್ ಪಾರ್ಕ್ ಮೆಟ್ರೋದ ಬಾಯಿಗೆ ನುಗ್ಗುತ್ತದೆ. ನೀವು ನುಗ್ಗಬೇಡಿ. ಇಲ್ಲೊಂದು ಉಪಾಯವಿದೆ: ಜನ ಹತ್ತುವ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಹಿಂದೆ ಹೋಗಿ ಹತ್ತಿ. ನೀವು ಮೆಜೆಸ್ಟಿಕ್ ಕಡೆಗೆ ಹೋಗಬೇಕಾದರೆ ಎಂ.ಜಿ. ರಸ್ತೆ ನಿಲ್ದಾಣಕ್ಕೆ ನಡೆಯಿರಿ, ಕಾಲು ಗಟ್ಟಿ ಇದ್ದರೆ ಟ್ರಿನಿಟಿಗೆ. ರೈಲು ಅಲ್ಲಿಂದಲೇ ಕಬ್ಬನ್ ಪಾರ್ಕಿಗೆ ಬರುವುದರಿಂದ ನೀವು ಒಳಗಿರುತ್ತೀರಿ, ನೂಕಾಟ ಹೊರಗಿರುತ್ತದೆ. ವೈಟ್‌ಫೀಲ್ಡ್ ಕಡೆಗೆ ಹೋಗುವವರು ಇದಕ್ಕೆ ತಿರುಗಾಮುರುಗ, ವಿಧಾನಸೌಧ ನಿಲ್ದಾಣಕ್ಕೆ ನಡೆಯಬೇಕು. ಸುಮಾರು ಒಂದು ಕಿಲೋಮೀಟರು, ದೀಪ ಹಚ್ಚಿದ ವಿಧಾನಸೌಧವೂ ಕಣ್ಣಿಗೆ ಬೀಳಬಹುದು. ಪಂದ್ಯದ ರಾತ್ರಿ ಕೊನೆಯ ರೈಲಿನ ಸಮಯ ವಿಸ್ತರಿಸುತ್ತಾರೆ, ಎಷ್ಟಕ್ಕೆ ಎನ್ನುವುದನ್ನು ಪ್ರತಿ ಸಲ ಪ್ರಕಟಿಸುತ್ತಾರೆ. ವಾಪಸಿನ ಟಿಕೆಟ್ಟನ್ನು ಸಂಜೆ ಬರುವಾಗಲೇ ತೆಗೆದಿಟ್ಟುಕೊಳ್ಳುವ ಅವಕಾಶವಿದ್ದರೆ ಬಿಡಬೇಡಿ.

ಆಟೊ ಮೀಟರಿನ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಲೆಕ್ಕ ಗೊತ್ತಿರಲಿ ಎಂದು ಹೇಳಿದ್ದು. ಪಂದ್ಯ ಬಿಟ್ಟ ಹೊತ್ತಿನಲ್ಲಿ ಕ್ರೀಡಾಂಗಣದ ಮುಂದೆ ಮೀಟರ್ ಹಾಕುವ ಆಟೊ ಹುಡುಕುವುದು ಬೇಸಿಗೆಯಲ್ಲಿ ಸೀತಾಫಲ ಹುಡುಕಿದ ಹಾಗೆ. ಒಂದು ಕಿಲೋಮೀಟರು ಆಚೆ ನಡೆದರೆ ಬೆಲೆಯೂ ಇಳಿಯುತ್ತದೆ, ಚಾಲಕರ ದನಿಯೂ ಇಳಿಯುತ್ತದೆ.

ಊಟ ತಿಂಡಿ: ಕ್ರೀಡಾಂಗಣದ ಹತ್ತಿರ ಹೊಟ್ಟೆ ತುಂಬಿಸಿಕೊಳ್ಳಲು ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸ್ ಇದೆ, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ ಇದೆ. ಜೋಳದ ರೊಟ್ಟಿ ಇಲ್ಲದೆ ಆಗದು ಎನ್ನುವವರಿಗೆ ಗಾಂಧಿನಗರದ ಸುತ್ತ ಸಿಗುತ್ತದೆ. ದರ್ಶಿನಿಯಲ್ಲಿ ಮೊದಲು ಹಣ ಕೊಟ್ಟು ಟೋಕನ್ ಪಡೆದು, ನಿಂತೇ ತಿನ್ನಬೇಕು. ಕಾಫಿ ಬೈಟು ಎಂದರೆ ಒಂದನ್ನು ಎರಡು ಲೋಟಕ್ಕೆ ಹಾಕಿಕೊಡುತ್ತಾರೆ. ಸಂಜೆಯ ಪಂದ್ಯಕ್ಕೆ ಮುಂಚೆ ಹೊತ್ತು ಕಳೆಯಬೇಕಾದರೆ ಕಬ್ಬನ್ ಪಾರ್ಕ್ ಪಕ್ಕದಲ್ಲೇ ಇದೆ, ದುಡ್ಡಿಲ್ಲ. ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಎರಡು ಗಂಟೆ ಹೋದದ್ದೇ ಗೊತ್ತಾಗದು. ಎಲ್ಲ ಕಡೆ ಕನ್ನಡದಲ್ಲೇ ಮಾತಾಡಿ. ಎದುರಿನವರು ಹಿಂದಿಯಲ್ಲಿ ಉತ್ತರಿಸಿದರೂ ನೀವು ಬದಲಾಯಿಸಬೇಕಿಲ್ಲ, ಎರಡನೇ ವಾಕ್ಯಕ್ಕೆ ಅರ್ಥವಾಗುತ್ತದೆ.

ಇಷ್ಟೆಲ್ಲ ಓದಿ ಸುಸ್ತಾದವರಿಗೆ ಇನ್ನೊಂದು ದಾರಿ ಇದೆ. ಚಳಿಗಾಲದಲ್ಲಿ ಇದೇ ಮೈದಾನದಲ್ಲಿ ರಣಜಿ ನಡೆದಾಗ ಸಾಮಾನ್ಯವಾಗಿ ಟಿಕೆಟ್ಟೇ ಇರುವುದಿಲ್ಲ. ನೂಕುನುಗ್ಗಲೂ ಇಲ್ಲ, ಕಿವಿಗಡಚಿಕ್ಕುವ ಹಾಡೂ ಇಲ್ಲ. ಚೆಂಡು ಬ್ಯಾಟಿಗೆ ತಾಗಿದ ಸದ್ದು ಕೇಳಿಸುತ್ತದೆ. ಆಟ ನೋಡಬೇಕೆನ್ನುವವರಿಗೆ ನಮ್ಮ ಓಟು ಅದಕ್ಕೇ.

ಮರುದಿನ ಬೆಳಿಗ್ಗೆ ದೋಸೆ ತಿನ್ನದೆ ಊರಿಗೆ ಹೊರಡಬೇಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಶುಕ್ರವಾರ ರಜೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನ ಇಡ್ಲಿಗೆ ಹೋಗುವುದಾದರೆ ಭಾನುವಾರ ಬೇಡ, ಬಾಗಿಲು ಹಾಕಿರುತ್ತದೆ.

ಇತಿ,
ಬೆಂಗಳೂರಿನ ನಿವಾಸಿ

ವಿ.ಸೂ.: ಅಕ್ಕ ತಂಗಿಯರೇ, ಶಕ್ತಿ ಯೋಜನೆಯ ಉಚಿತ ಪ್ರಯಾಣ ಊರಿನಿಂದ ಬರುವ ಸಾಮಾನ್ಯ ಸಾರಿಗೆ ಬಸ್ಸಿಗೂ ಇದೆ, ಇಲ್ಲಿನ ಬಿಎಂಟಿಸಿ ಸಾಮಾನ್ಯ ಬಸ್ಸಿಗೂ ಇದೆ. ಎಸಿ ಬಸ್ಸಿಗಿಲ್ಲ, ಮೆಟ್ರೋಗಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ, ಕಂಡಕ್ಟರು ಕೊಡುವ ಶೂನ್ಯ ಟಿಕೆಟ್ಟನ್ನು ಇಳಿಯುವವರೆಗೆ ಇಟ್ಟುಕೊಳ್ಳಿ.